ಅಜ್ಜಿಯ ಹಿಂದೆ ನಡೆದ ವರ್ಷ

ನಾನು ಆರನೇ ತರಗತಿಗೆ ಬರುವ ಹೊತ್ತಿಗೆ ನನ್ನ ಕತ್ತಿನ ಹಿಂಭಾಗ ಕಪ್ಪಾಗಿತ್ತು. ಮುಖ, ಕೈಕಾಲು ಎಲ್ಲ ಗೋಧಿಬಣ್ಣ. ಕತ್ತು ಮಾತ್ರ ಒಲೆಯ ಹಿಂದಿನ ಗೋಡೆಯ ಹಾಗೆ ಮಸಿ ಹಿಡಿದಂತಿತ್ತು. ಮುಟ್ಟಿದರೆ ಅಲ್ಲಿಯ ಚರ್ಮ ಬೇರೆ ಕಡೆಗಿಂತ ದಪ್ಪ. ಅದನ್ನು ಎಲ್ಲರೂ ಕೊಳೆ ಅಂದುಕೊಂಡರು. ನಾನೂ ಹಾಗೆಯೇ ಅಂದುಕೊಂಡಿದ್ದೆ.

ಭಾನುವಾರ ಬಂತೆಂದರೆ ಅವ್ವ ನನ್ನನ್ನು ಬಚ್ಚಲಲ್ಲಿ ಕೂರಿಸುತ್ತಿದ್ದಳು. ಮೊದಲು ಕಡಲೆಹಿಟ್ಟು ಅರಿಶಿನ, ಆಮೇಲೆ ನಿಂಬೆಹೋಳು, ಕೊನೆಗೆ ಹಿಮ್ಮಡಿ ತಿಕ್ಕುವ ಕಲ್ಲು.

"ಕತ್ತು ತಿಕ್ಕಿಕೊಳ್ಳಾಕ ಬರಲ್ಲೇನು ನಿನಗ? ಮಂದಿ ನನಗ ಅಂತಾರ, ಮಗಳ ಮೈ ತೊಳಿಯಾಕ ಬರಲ್ಲ ಇಕಿಗೆ ಅಂತ" ಎನ್ನುತ್ತ ತಿಕ್ಕುತ್ತಿದ್ದಳು. ನಾನು ಮೊಣಕಾಲಿಗೆ ಹಣೆ ಹಚ್ಚಿ, ಹಲ್ಲು ಕಚ್ಚಿಕೊಂಡು ಕೂತಿರುತ್ತಿದ್ದೆ. ಒಂದು ಭಾನುವಾರ ನೀರು ಕೆಂಪಾಯಿತು. ಅವ್ವ ಕಲ್ಲು ಬಿಸಾಕಿ, ಅಲ್ಲೇ ಒದ್ದೆ ನೆಲದ ಮೇಲೆ ಕೂತು, ಸೆರಗಿನಿಂದ ನನ್ನ ಕತ್ತು ಒತ್ತಿ ಹಿಡಿದಳು. ಆ ದಿನ ಕೊಬ್ಬರಿ ಎಣ್ಣೆ ಹಚ್ಚಿದಳು. ಮುಂದಿನ ಭಾನುವಾರ ಮತ್ತೆ ಶುರುವಾಯಿತು. ಕಲ್ಲು ಮಾತ್ರ ಇರಲಿಲ್ಲ.

ನಮ್ಮ ಮನೆ ಆಂಧ್ರದ ಗಡಿಯೂರು ಆದವಾನಿಯಲ್ಲಿ, ಹತ್ತಿ ಜಿನ್ನಿಂಗ್ ಮಿಲ್ಲುಗಳ ಹಿಂದಿನ ಓಣಿಯಲ್ಲಿ. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತೆಲುಗು. ಅಪ್ಪ ಬಸ್ ನಿಲ್ದಾಣದ ಹತ್ತಿರ ಉಗ್ಗಾಣಿ ಬಂಡಿ ಇಟ್ಟಿದ್ದ. ನೆನೆಸಿದ ಮಂಡಕ್ಕಿಗೆ ಒಗ್ಗರಣೆ ಕೊಟ್ಟು, ಮೇಲೆ ಹುರಿಗಡಲೆಯ ಪುಟಾಣಿ ಪುಡಿ ಉದುರಿಸಿ, ಪಕ್ಕಕ್ಕೆ ಬಿಸಿ ಮೆಣಸಿನಕಾಯಿ ಬಜ್ಜಿ ಇಟ್ಟರೆ ನಮ್ಮ ಕಡೆ ಬೆಳಗಾದಂತೆ. ನಾನು ಶಾಲೆಗೆ ಹೋಗುವ ಮುಂಚೆ ಬಂಡಿಯ ಹಿಂದಿನ ಸ್ಟೂಲಿನ ಮೇಲೆ ಕೂತು ತಿನ್ನುತ್ತಿದ್ದೆ. ಅಪ್ಪ ಹೆಚ್ಚು ಮಾತಿನವನಲ್ಲ. ಝಾರಿ ಸೌಟಿನಿಂದ ಬಜ್ಜಿ ತೆಗೆದವನೇ ದೊಡ್ಡದನ್ನು ಆರಿಸಿ ನನ್ನ ತಟ್ಟೆಗೆ ಹಾಕುತ್ತಿದ್ದ. ಮಾತಿನ ಬದಲು ಅದೇ. ಸಂಜೆ ಉಳಿದ ಬಜ್ಜಿ ಮನೆಗೆ ಬರುತ್ತಿದ್ದವು, ಅವೂ ನನಗೇ.

ಆದರೆ ನನ್ನನ್ನು ನಿಜವಾಗಿ ಬೆಳೆಸಿದವಳು ಅಜ್ಜಿ, ಅಪ್ಪನ ತಾಯಿ. ಅವಳದು ಪೆದ್ದಹರಿವಾಣ. ಆದವಾನಿಯಿಂದ ಆಟೋದಲ್ಲಿ ಹೋದರೆ ದೂರವೇನಲ್ಲ. ಅಲ್ಲಿ ಹೊಲದ ಕೆಲಸ ಮಾಡಿ, ಹತ್ತಿ ಬಿಡಿಸಿ ಮಕ್ಕಳನ್ನು ಸಾಕಿದ್ದಳು. ನಾನು ಹುಟ್ಟುವ ವರ್ಷವೇ ನಮ್ಮವರು ಆದವಾನಿಗೆ ಬಂದದ್ದು. ಯಾಕೆ ಬಂದರು ಎಂದು ನಾನು ಕೇಳಿದವಳಲ್ಲ. ನನಗಿಂತ ಮೊದಲು ಒಬ್ಬಳು ಅಕ್ಕ ಹುಟ್ಟಿದ್ದಳು, ಮೂರು ವರ್ಷದವಳಿದ್ದಾಗ ತೀರಿಕೊಂಡಳು ಎಂಬುದಷ್ಟೇ ನನಗೆ ಗೊತ್ತಿತ್ತು. ಅವಳ ಫೋಟೋ ಇರಲಿಲ್ಲ. ಅವಳ ಮಾತು ಬಂದರೆ ಮನೆಯಲ್ಲಿ ಎಲ್ಲರೂ ಏನಾದರೊಂದು ಕೆಲಸ ಹುಡುಕಿಕೊಂಡು ಎದ್ದು ಹೋಗುತ್ತಿದ್ದರು.

ನಾನು ಕಾಲೇಜು ಸೇರಿದ ಮೇಲೂ ಅಜ್ಜಿ ಕೈತುತ್ತು ಹಾಕುತ್ತಿದ್ದಳು. ಅನ್ನಕ್ಕೆ ತುಪ್ಪ ಹಾಕಿ ಕಲಸಿ, ಬೇಳೆಸಾರು ಹಾಕಿ ಕಲಸಿ, ಕೊನೆಗೆ ಮೊಸರು. "ಇದು ಅಪ್ಪಂದು, ಇದು ಅವ್ವಂದು, ಇದು ಈ ಅಜ್ಜಿದು" ಎಂದು ತುತ್ತಿಗೊಂದು ನೆಂಟಸ್ತಿಕೆ ಹಚ್ಚಿದರೆ ಬೇಡ ಎನ್ನುವುದು ಹೇಗೆ? ನನ್ನ ತೋಳು ಹಿಡಿದು ನೋಡಿ, "ಮೈ ತುಂಬ್ಯಾಳ ನನ ಬಂಗಾರಿ" ಎಂದು ಓಣಿಗೆಲ್ಲ ಕೇಳುವಂತೆ ಹೇಳುತ್ತಿದ್ದಳು. ನನಗೆ ಐದು ವರ್ಷವಾಗುವ ತನಕ ಓಣಿಯ ಹೆಂಗಸರೂ ಕೆನ್ನೆ ಹಿಂಡಿ ಹೌದೆಂದರು. ಆಮೇಲೆ ಹಿಂಡುವುದು ನಿಲ್ಲಿಸಿದರು.

ಶಾಲೆಯಲ್ಲಿ ನನ್ನ ಹೆಸರು ಬಸ್ತಾ. ತೆಲುಗಿನಲ್ಲಿ ಬಸ್ತಾ ಅಂದರೆ ಮೂಟೆ. ಹತ್ತಿ ಮಾರ್ಕೆಟ್ಟಿನ ಊರಲ್ಲಿ ಆ ಹೆಸರು ಹುಡುಕಲು ಯಾರೂ ಕಷ್ಟಪಡಬೇಕಿರಲಿಲ್ಲ. ಏಳನೇ ತರಗತಿಯಲ್ಲಿದ್ದಾಗ ಆರೋಗ್ಯ ತಪಾಸಣೆಗೆಂದು ಬಂದವರು ಒಬ್ಬೊಬ್ಬರನ್ನೇ ತೂಕದ ಯಂತ್ರದ ಮೇಲೆ ನಿಲ್ಲಿಸಿ ಗಟ್ಟಿಯಾಗಿ ತೂಕ ಕೂಗಿದರು, ಇನ್ನೊಬ್ಬರು ಬರೆದುಕೊಂಡರು. ನನ್ನ ಸರದಿ ಬಂದಾಗ ಕೂಗಿದವರು ಒಂದು ಸಲ ನಿಂತು, ಕೆಳಗೆ ಬಗ್ಗಿ ಮುಳ್ಳು ನೋಡಿ, ಆಮೇಲೆ ಕೂಗಿದರು: "ಅರವೈ ಎನಿಮಿದಿ." ಅರವತ್ತೆಂಟು. ಮರುದಿನ ಕಪ್ಪುಹಲಗೆಯ ಮೇಲೆ ಆ ಎರಡು ಅಂಕಿ ದೊಡ್ಡದಾಗಿ ಬರೆದಿತ್ತು. ಟೀಚರು ಬಂದವರು ಇದೇನು ಲೆಕ್ಕ ಎಂದು ಕೇಳಿದರು. ಎಲ್ಲರೂ ನಕ್ಕರು. ನಾನೂ ನಕ್ಕೆ, ಎಲ್ಲರಿಗಿಂತ ಜೋರಾಗಿ.

ಅವತ್ತಿನಿಂದ ಮೊದಲು ನಗುವವಳು ನಾನೇ ಆದೆ. ಬೆಂಚು ಕಿರುಗುಟ್ಟಿದರೆ, ಯಾರಾದರೂ ಏನಾದರೂ ಅನ್ನುವ ಮುಂಚೆ ನಾನೇ ಅನ್ನುತ್ತಿದ್ದೆ. ಹಗ್ಗದಾಟ, ಕುಂಟೆಬಿಲ್ಲೆ ಎಲ್ಲ ಬಿಟ್ಟೆ. ಆಟದ ಹೊತ್ತಿನಲ್ಲಿ ಗೆಳತಿಯರ ಚಪ್ಪಲಿ, ಚೀಲ ಕಾಯುತ್ತ ಬೇವಿನ ಮರದ ಕೆಳಗೆ ಕೂರುತ್ತಿದ್ದೆ. ಇದು ನನ್ನ ಕೆಲಸ ಎಂದು ಎಲ್ಲರೂ ಒಪ್ಪಿಕೊಂಡಿದ್ದರು. ನಾನೂ ಒಪ್ಪಿಕೊಂಡಿದ್ದೆ.

ಡಿಗ್ರಿ ಮೊದಲ ವರ್ಷಕ್ಕೆ ಸೇರಿದಾಗ ನನಗೆ ಹದಿನೆಂಟು ವರ್ಷ, ತೂಕ ತೊಂಬತ್ನಾಲ್ಕು ಕಿಲೋ. ಕಾಲೇಜಿಗೆ ಹೋಗಲು ರೈಲ್ವೆ ಸ್ಟೇಷನ್ನಿನ ಮೇಲ್ಸೇತುವೆ ದಾಟಬೇಕಿತ್ತು. ಅರ್ಧ ಮೆಟ್ಟಿಲು ಹತ್ತಿ, ಕೆಳಗೆ ರೈಲು ನೋಡುವವಳಂತೆ ಕಂಬಿ ಹಿಡಿದು ನಿಲ್ಲುತ್ತಿದ್ದೆ. ರೈಲು ಇಲ್ಲದಾಗಲೂ ನಿಲ್ಲುತ್ತಿದ್ದೆ. ಮಧ್ಯಾಹ್ನದ ತರಗತಿಗಳಲ್ಲಿ ಕಣ್ಣು ತಾನೇ ಮುಚ್ಚಿಕೊಳ್ಳುತ್ತಿತ್ತು. ಮೊಣಕಾಲು ನೋಯುತ್ತಿದ್ದವು. ಇವನ್ನೆಲ್ಲ ನಾನು ಯಾರಿಗೂ ಹೇಳಿರಲಿಲ್ಲ. ಆದರೆ ಮುಟ್ಟು ನಿಂತು ಏಳು ತಿಂಗಳಾದದ್ದು ಅವ್ವನ ಗಮನಕ್ಕೆ ಬಂತು. ಅವಳು ನನ್ನನ್ನು ಅಡುಗೆಮನೆಗೆ ಕರೆದು, ಬಾಗಿಲು ಮುಂದೆ ಮಾಡಿ, ನನ್ನ ಮುಖವನ್ನೇ ನೋಡುತ್ತ ನಿಂತಳು. ಕೇಳಲು ಬಂದ ಮಾತನ್ನು ಕೇಳಲಿಲ್ಲ. ಮರುದಿನ ಬೆಳಿಗ್ಗೆ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದಳು.

ಅಲ್ಲಿದ್ದದ್ದು ಒಬ್ಬ ನಡುವಯಸ್ಸಿನ ಡಾಕ್ಟರಮ್ಮ. ಅವ್ವ ತಗ್ಗಿದ ದನಿಯಲ್ಲಿ ಮುಟ್ಟಿನ ವಿಷಯ ಹೇಳುತ್ತಿದ್ದರೆ ಅವರು ಎದ್ದು ಬಂದು ನನ್ನ ಜಡೆ ಎತ್ತಿ ಕತ್ತು ನೋಡಿದರು. ನಾನು ಕುಗ್ಗಿಹೋದೆ. "ದಿನಾ ಸ್ನಾನ ಮಾಡ್ತೀನಿ ಮೇಡಂ" ಎಂದೆ ತೆಲುಗಿನಲ್ಲಿ, ಯಾರೂ ಕೇಳದಿದ್ದರೂ.

ಅವರು ಜಡೆ ಬಿಟ್ಟು, ನನ್ನ ಹೆಗಲ ಮೇಲೆ ಕೈ ಇಟ್ಟು ತೆಲುಗಿನಲ್ಲೇ ಹೇಳಿದರು: "ಇದಿ ಮುರಿಕಿ ಕಾದಮ್ಮಾ." ಇದು ಕೊಳೆ ಅಲ್ಲಮ್ಮ.

ಆಮೇಲೆ ಹೇಳಿದ್ದನ್ನೆಲ್ಲ ನಾನು ಅರ್ಧಂಬರ್ಧ ಕೇಳಿಸಿಕೊಂಡೆ. ತೂಕ ಹೆಚ್ಚಾಗಿ ದೇಹದೊಳಗಿನ ಇನ್ಸುಲಿನ್ ಸರಿಯಾಗಿ ಕೆಲಸ ಮಾಡದಿದ್ದಾಗ ಕತ್ತು ಹೀಗೆ ಕಪ್ಪಾಗುತ್ತದೆ, ಮುಟ್ಟು ನಿಂತದ್ದಕ್ಕೂ ಅದರ ಸಂಬಂಧವಿದೆ, ರಕ್ತ ಪರೀಕ್ಷೆ ಮಾಡಿಸಬೇಕು ಎಂದರು. ಪರೀಕ್ಷೆಯ ಚೀಟಿ ಬಂದ ಮೇಲೆ, ಸಕ್ಕರೆ ಕಾಯಿಲೆ ಇನ್ನೂ ಬಂದಿಲ್ಲ, ಬಾಗಿಲಲ್ಲಿ ನಿಂತಿದೆ, ವಯಸ್ಸು ಚಿಕ್ಕದು, ಹಿಂದಕ್ಕೆ ಕಳಿಸಬಹುದು ಎಂದರು. ದಿನಾ ನಡೆಯಬೇಕು, ಎಣ್ಣೆ, ಸಿಹಿ, ಬಿಳಿ ಅನ್ನ ಕಡಿಮೆ ಮಾಡಬೇಕು, ಉಪವಾಸ ಮಾತ್ರ ಮಾಡಕೂಡದು, ತಿಂಗಳಿಗೊಮ್ಮೆ ಬಂದು ತೋರಿಸಬೇಕು. ನನ್ನ ತಲೆಯಲ್ಲಿ ಮಾತ್ರ ಒಂದೇ ಮಾತು ಓಡುತ್ತಿತ್ತು. ಕೊಳೆ ಅಲ್ಲ. ಇಷ್ಟು ವರ್ಷ ನಾನು ಕೊಳಕಾಗಿರಲಿಲ್ಲ.

ಹೊರಗೆ ಬಂದು ಆಸ್ಪತ್ರೆಯ ಕಟ್ಟೆಯ ಮೇಲೆ ಕೂತೆವು. ಅವ್ವ ತನ್ನ ಎರಡೂ ಅಂಗೈ ತೊಡೆಯ ಮೇಲಿಟ್ಟುಕೊಂಡು ನೋಡುತ್ತಿದ್ದಳು.

"ರಕ್ತ ಬರೋ ಹಂಗ ತಿಕ್ಕಿದೆನಲ್ಲವ್ವಾ" ಎಂದಳು.

"ನಿನಗೆಂಗ ಗೊತ್ತಾಗಬೇಕಿತ್ತು?" ಎಂದೆ.

"ಗೊತ್ತಿಲ್ಲದಿದ್ರ ಕೇಳಬೇಕಿತ್ತು. ಯಾರನ್ನಾರ ಕೇಳಬೇಕಿತ್ತು."

ಅವ್ವ ಅಷ್ಟು ಅತ್ತದ್ದನ್ನು ನಾನು ಅದೇ ಮೊದಲು ನೋಡಿದ್ದು. ನನಗೆ ಮಾತ್ರ ಅಳು ಬರಲಿಲ್ಲ. ಎದೆಯ ಮೇಲಿನ ಕಲ್ಲೊಂದು ಇಳಿದಂತಾಗಿ ಹಗುರಾಗಿದ್ದೆ.

ಆ ಹಗುರದಲ್ಲೇ ತಪ್ಪು ಮಾಡಿದೆ. ಡಾಕ್ಟರಮ್ಮ ಯಾವುದನ್ನು ಮಾಡಬೇಡ ಎಂದಿದ್ದರೋ ಅದನ್ನೇ ಶುರು ಮಾಡಿದೆ. ಬೆಳಿಗ್ಗೆ ಚಹಾ, ಎರಡು ಬಿಸ್ಕತ್ತು. ರಾತ್ರಿ ಒಂದು ಲೋಟ ಮಜ್ಜಿಗೆ. ಒಂದು ತಿಂಗಳಲ್ಲಿ ತೆಳ್ಳಗಾಗಿ ಎಲ್ಲರ ಬಾಯಿ ಮುಚ್ಚಿಸಬೇಕೆಂಬ ಹಟ. ಹನ್ನೊಂದನೇ ದಿನ ಕಾಲೇಜಿನ ಪ್ರಯೋಗಾಲಯದಲ್ಲಿ ಕಣ್ಣು ಕತ್ತಲಿಟ್ಟು ಬಿದ್ದೆ. ಗೆಳತಿಯರು ಆಟೋದಲ್ಲಿ ಅಪ್ಪನ ಬಂಡಿಗೆ ತಂದು ಬಿಟ್ಟರು. ಅಪ್ಪ ನೀರು ಕುಡಿಸಿ, ಸ್ಟೂಲಿನ ಮೇಲೆ ಕೂರಿಸಿ, ಗಾಬರಿಯಲ್ಲಿ ಮಿಠಾಯಿ ತರಲು ಓಡಿದ. ಅವನು ಬರುವಷ್ಟರಲ್ಲಿ ನಾನು ತಟ್ಟೆಯಲ್ಲಿದ್ದ ಎಂಟು ಬಜ್ಜಿ ತಿಂದು ಮುಗಿಸಿದ್ದೆ. ನಾಲಿಗೆ ಸುಟ್ಟದ್ದೂ ತಿಳಿದಿರಲಿಲ್ಲ. ಅಪ್ಪ ಖಾಲಿ ತಟ್ಟೆ ನೋಡಿದ, ನನ್ನನ್ನು ನೋಡಿದ, ಸ್ಟೌ ಆರಿಸಿ ಬಂಡಿ ಮುಚ್ಚಿ ನನ್ನನ್ನು ಮನೆಗೆ ಕರೆದುಕೊಂಡು ಬಂದ.

ಮನೆಯಲ್ಲಿ ಅಜ್ಜಿ ಆಗಲೇ ಅನ್ನ ಕಲಸಿಕೊಂಡು ಕೂತಿದ್ದಳು. ಹನ್ನೊಂದು ದಿನಗಳಿಂದ ಅವಳ ತುತ್ತು ನಾನು ತಳ್ಳುತ್ತಲೇ ಇದ್ದೆ. ಅವತ್ತೂ "ಒಲ್ಲೆ" ಎಂದೆ.

ಅಜ್ಜಿ ತಟ್ಟೆ ನೆಲಕ್ಕಿಟ್ಟಳು. "ನೀ ಒಲ್ಲೆ ಅಂದ್ರ ನಾನೂ ಒಲ್ಲೆ. ಇವತ್ತಿಂದ ನಾನೂ ಉಣ್ಣಲ್ಲ" ಎಂದು ಗೋಡೆಯ ಕಡೆ ತಿರುಗಿ ಕೂತಳು.

"ಅಜ್ಜೀ, ಡಾಕ್ಟರ್ ಹೇಳ್ಯಾರ. ನನ್ನ ಮೈ ಹಿಂಗ ಇದ್ರ ರೋಗ ಬರತೈತಿ."

"ಏನೂ ಆಗಲ್ಲ ಅಂತ ಡಾಕ್ಟರ್ ಅವಾಗೂ ಹೇಳಿದ್ರು" ಎಂದಳು ಗೋಡೆಗೇ. "ನಿಮ್ಮಕ್ಕನೂ ಹಿಂಗ ಅಂದಳು. ವಾಂತಿಭೇದಿ ಆಗಿ ಕಡ್ಡಿ ಆಗಿದ್ಲು. ಒಂದು ತುತ್ತು ತಿನ್ನವ್ವಾ, ಒಂದೇ ಒಂದು ಅಂದೆ. ಒಲ್ಲೆ ಅಂದಳು. ಮೂರು ದಿನ ಒಲ್ಲೆ ಅಂದಳು. ನನ ಕೈಯಾಗಿನ ತುತ್ತು ಕೈಯಾಗೇ ಉಳೀತು."

ಅವ್ವ ಬಾಗಿಲಲ್ಲಿ ನಿಂತಿದ್ದಳು. ಈ ಸಲ ಅವಳು ಕೆಲಸ ಹುಡುಕಿಕೊಂಡು ಹೋಗಲಿಲ್ಲ. ಒಳಗೆ ಬಂದು ಅತ್ತೆಯ ಪಕ್ಕ ಕೂತಳು. ಹದಿನೆಂಟು ವರ್ಷ ನನ್ನ ಬಾಯಿಗೆ ಬಂದ ಒಂದೊಂದು ತುತ್ತಿನಲ್ಲೂ ಎಷ್ಟು ಹೆದರಿಕೆ ಇತ್ತೆಂಬುದು ನನಗೆ ಆಗ ಗೊತ್ತಾಯಿತು. ನಾನು ಹೋಗಿ ಆ ತಟ್ಟೆ ಎತ್ತಿಕೊಂಡು ಅಜ್ಜಿಯ ಮುಂದೆ ಕೂತು ಬಾಯಿ ತೆರೆದೆ. ಅವಳು ತುತ್ತು ಹಾಕಿದಳು. ನಾನು ಅವಳಿಗೊಂದು ಹಾಕಿದೆ. ಹೀಗೆ ಇಬ್ಬರೂ ಅರ್ಧ ತಟ್ಟೆ ಉಂಡೆವು.

ಮುಂದಿನ ವಾರ ಅಜ್ಜಿಯನ್ನೂ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಡಾಕ್ಟರಮ್ಮ ಮೊದಲು ನನಗೆ ಉಪವಾಸದ ಬಗ್ಗೆ ಚೆನ್ನಾಗಿ ಬೈದರು. ಆಮೇಲೆ ಅಜ್ಜಿಯ ಕಡೆ ತಿರುಗಿದರು. ಅಜ್ಜಿ ನೇರವಾಗಿ ಕೇಳಿದಳು, "ನನ ಕೈಲೇ ಹಿಂಗಾತೇನು ಇದು?"

ಅವರು ಹೌದು ಎನ್ನಲಿಲ್ಲ, ಅಲ್ಲ ಎಂದೂ ಅನ್ನಲಿಲ್ಲ. "ದಿನಾ ಬೆಳಿಗ್ಗೆ ನಡೀಬೇಕು ಅಂದೀನಿ ಈ ಹುಡುಗಿಗೆ. ಒಬ್ಬಳೇ ಹೋಗಾಕ ನಾಚಿಕಿ ಅಂತಾಳ. ನೀವು ಜತಿಗೆ ಹೋಗ್ತೀರೇನು?" ಎಂದು ಅವಳದೇ ಕನ್ನಡದಲ್ಲಿ ಕೇಳಿದರು. ಆ ಡಾಕ್ಟರಮ್ಮನಿಗೆ ಕನ್ನಡ ಬರುತ್ತಿತ್ತೆಂದು ನನಗೆ ಆಗಲೇ ತಿಳಿದದ್ದು.

"ನಡಿಯಾದಾ? ಅದೇನು ದೊಡ್ಡದು?" ಎಂದಳು ಅಜ್ಜಿ.

ಮರುದಿನ ಬೆಳಗಿನ ಐದೂವರೆಗೆ ಅವಳು ನನ್ನ ಹೊದಿಕೆ ಎಳೆದಳು. ಎಪ್ಪತ್ತು ದಾಟಿದ, ನಲವತ್ತು ಕಿಲೋ ಇರದ ಆ ಮುದುಕಿ ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ, ಸಿರುಗುಪ್ಪ ರಸ್ತೆ ಹಿಡಿದು ಹೊರಟರೆ ನಾನು ಹಿಂದೆ ಉಳಿದೆ. ಮಿಲ್ಲಿನ ಗೋಡೆ ಮುಗಿಯುವಷ್ಟರಲ್ಲಿ ನನ್ನ ಉಸಿರು ಮುಗಿಯಿತು. ಒಂದು ಮೋರಿಯ ಮೇಲೆ ಕೂತುಬಿಟ್ಟೆ. ಅಜ್ಜಿ ಹಿಂತಿರುಗಿ ಬಂದು ಸೊಂಟದ ಮೇಲೆ ಕೈ ಇಟ್ಟು ನಿಂತಳು.

"ಹತ್ತಿ ಬಿಡಸಾಕ ಹೋಗುವಾಗ ಹೊತ್ತು ಹುಟ್ಟಕ್ಕ ಮುಂಚೆ ಹೊಲದಾಗ ಇರ್ತಿದ್ವಿ. ಹೊಟ್ಯಾಗ ನಿಮ್ಮಪ್ಪನ್ನ ಇಟಗೊಂಡು ಹೋಗೀನಿ ನಾನು."

"ನನಗೆ ಆಗಲ್ಲಜ್ಜೀ."

ಅವಳು ಬೈಯಲಿಲ್ಲ. ನನ್ನ ಪಕ್ಕ ಕೂತಳು. ಬಹಳ ಹೊತ್ತಾದ ಮೇಲೆ, "ಉಸುರು ಬಂತೇನು?" ಎಂದಳು. ಬಂತು ಎಂದೆ. "ಹಂಗಾರ ಆ ಕಂಬದ ತನಕ" ಎಂದಳು.

ನಾವು ಕಂಬದಿಂದ ಕಂಬಕ್ಕೆ ನಡೆದೆವು. ಒಂದು ವಾರ ಒಂದೇ ಕಂಬ, ಮುಂದಿನ ವಾರ ಇನ್ನೊಂದು. ಚಹಾ ಅಂಗಡಿಯ ಮುಂದೆ ಕೂತ ಗಂಡಸರು ಕೆಲವು ದಿನ ನನ್ನನ್ನು ನೋಡಿ ಏನೋ ಅಂದುಕೊಂಡು ನಗುತ್ತಿದ್ದರು. ಒಂದು ದಿನ ಅಜ್ಜಿ ನಿಂತು, ಅವರ ಹತ್ತಿರ ಹೋಗಿ ತೆಲುಗಿನಲ್ಲಿ, ನೀವೂ ಬನ್ನಿ, ನಾಲ್ಕು ಹೆಜ್ಜೆ ನಡೆದರೆ ನಿಮ್ಮ ಹೊಟ್ಟೆಯೂ ಇಳಿದೀತು ಎಂದಳು. ಮರುದಿನದಿಂದ ಅವರು ಪೇಪರಿನಿಂದ ತಲೆ ಎತ್ತಲಿಲ್ಲ. ಅಪ್ಪ ನಮ್ಮಿಬ್ಬರಿಗೂ ಕ್ಯಾನ್ವಾಸ್ ಬೂಟು ತಂದ. ಸೀರೆಯ ಕೆಳಗೆ ಬಿಳಿ ಬೂಟು ಹಾಕಿಕೊಂಡ ಅಜ್ಜಿಯನ್ನು ನೋಡಲು ಓಣಿಯ ಮಕ್ಕಳೆಲ್ಲ ಬಂದವು. ಅವಳು ಎರಡು ದಿನ ನಾಚಿದಳು. ಮೂರನೇ ದಿನ ಮಾರ್ಕೆಟ್ಟಿಗೂ ಅದನ್ನೇ ಹಾಕಿಕೊಂಡು ಹೋದಳು.

ಊಟದ ವಿಷಯ ನಡಿಗೆಯಷ್ಟು ಸುಲಭವಿರಲಿಲ್ಲ. ನನಗೆ ಹಸಿವಾಗುತ್ತಿತ್ತು. ಬೇಜಾರಾದರೂ ಹಸಿವು, ಖುಷಿಯಾದರೂ ಹಸಿವು. ಅನ್ನದ ಬದಲು ಜೋಳದ ರೊಟ್ಟಿ, ಹುಳಿ ಸೊಪ್ಪಿನ ಪುಂಡಿಪಲ್ಯ, ಬೇಳೆ, ಹಸಿ ಸೌತೆಕಾಯಿ ಬಂದವು. ಅಪ್ಪ ನನ್ನ ಪಾಲಿನ ಉಗ್ಗಾಣಿಗೆ ಬೇರೆ ಬಾಣಲೆ ಇಟ್ಟ. ಅದರಲ್ಲಿ ಎಣ್ಣೆ ಒಂದು ಚಮಚ, ಈರುಳ್ಳಿ ಟೊಮೆಟೊ ರಾಶಿ, ಒಂದು ಹಿಡಿ ಹುರಿದ ಶೇಂಗಾ. ಬಜ್ಜಿ ಇಲ್ಲ. ಮೊದಲ ದಿನ ಅದನ್ನು ಕೊಡುವಾಗ ಏನೋ ತಪ್ಪು ಮಾಡಿದವನಂತೆ ಬೇರೆ ಕಡೆ ನೋಡುತ್ತಿದ್ದ. "ರುಚಿ ಐತಪ್ಪಾ" ಎಂದೆ. ಸುಳ್ಳಲ್ಲ, ರುಚಿಯಾಗಿಯೇ ಇತ್ತು.

ಅಜ್ಜಿಯದು ಒಂದೇ ಷರತ್ತು. "ಒಲ್ಲೆ ಅನಬ್ಯಾಡ. ಆ ಮಾತು ನನಗ ಕೇಳಾಕ ಆಗಲ್ಲ. ಸಾಕು ಅನ್ನು" ಎಂದಳು. ನಾನು "ಸಾಕಜ್ಜಿ" ಎಂದಾಗೆಲ್ಲ ಅವಳು ಒಂದು ಸಲ ನನ್ನ ಮುಖ ನೋಡಿ, ತಟ್ಟೆ ಎತ್ತಿಕೊಂಡು ಹೋಗುತ್ತಿದ್ದಳು. ಅವಳು ಕಟ್ಟುವ ತುತ್ತುಗಳೂ ಬರಬರುತ್ತ ಸಣ್ಣವಾದವು.

ಆರು ತಿಂಗಳಲ್ಲಿ ಹನ್ನೊಂದು ಕಿಲೋ ಇಳಿದೆ. ಮೇಲ್ಸೇತುವೆಯನ್ನು ಒಂದೇ ದಮ್ಮಿಗೆ ಹತ್ತಿದ ದಿನ, ಯಾರಿಗಾದರೂ ಹೇಳಬೇಕೆನಿಸಿ, ಪಕ್ಕದಲ್ಲಿ ಬುಟ್ಟಿ ಹೊತ್ತು ಹೋಗುತ್ತಿದ್ದ ಗುರುತಿಲ್ಲದ ಹೆಂಗಸಿಗೆ ಹೇಳಿದೆ. ಆಕೆ "ಒಳ್ಳೇದಾತು ಬಿಡವ್ವಾ" ಎಂದು ಇಳಿದುಹೋದಳು.

ಅಷ್ಟರಲ್ಲಿ ಲಾಕ್‌ಡೌನ್ ಬಂತು. ಕಾಲೇಜು ಮುಚ್ಚಿತು, ಅಪ್ಪನ ಬಂಡಿ ಮನೆಯ ಮುಂದೆ ಬಂದು ನಿಂತಿತು. ರಸ್ತೆಗೆ ಇಳಿಯುವಂತಿಲ್ಲ. ಮನೆಯಲ್ಲಿ ಎಲ್ಲರಿಗೂ ಒಂದೊಂದು ಚಿಂತೆ. ನನ್ನ ಕೈ ಮತ್ತೆ ಡಬ್ಬಿಗಳ ಕಡೆ ಹೋಯಿತು. ಶೇಂಗಾ ಚಿಕ್ಕಿ, ಕಾರಾ, ಮತ್ತೆ ಅನ್ನ. ಎರಡು ತಿಂಗಳಲ್ಲಿ ಐದು ಕಿಲೋ ವಾಪಸು ಬಂದವು. ಅಂಗಿಯ ತೋಳು ಬಿಗಿಯಾದಾಗ ನಾನು ಮಂಚದ ಮೇಲೆ ಮುಖ ಮುಚ್ಚಿ ಮಲಗಿದೆ. ಇದು ನನ್ನ ಹಣೆಬರಹ, ಬಸ್ತಾ ಬಸ್ತಾನೇ ಎಂದೆ.

ಅಜ್ಜಿ ಕೇಳಿಸಿಕೊಂಡಳು. ಏಣಿ ಹತ್ತಿ ಮಾಳಿಗೆಗೆ ಹೋದಳು. ಸ್ವಲ್ಪ ಹೊತ್ತಿನಲ್ಲಿ ಮೇಲಿನಿಂದ ಧಪ್ ಧಪ್ ಎಂದು ಹೆಜ್ಜೆಯ ಸದ್ದು. ಹೋಗಿ ನೋಡಿದರೆ, ಒಣಹಾಕಿದ ಮೆಣಸಿನಕಾಯಿಯ ಸುತ್ತ ಬೂಟು ಹಾಕಿಕೊಂಡು ಸುತ್ತುತ್ತಿದ್ದಳು.

"ರೋಡು ಮುಚ್ಯಾರ. ಮಾಳಿಗಿ ಮುಚ್ಚಿಲ್ಲಲ್ಲ" ಎಂದಳು.

ಉಳಿದ ಬೇಸಿಗೆಯೆಲ್ಲ ನಾವು ಬಿಸಿಲೇರುವ ಮುಂಚೆ ಮೆಣಸಿನಕಾಯಿಯ ಸುತ್ತ ಸುತ್ತಿದೆವು. ಘಾಟಿಗೆ ಸೀನುತ್ತ, ಕೆಮ್ಮುತ್ತ, ನಗುತ್ತ. ಐದು ಕಿಲೋ ಮತ್ತೆ ಇಳಿಯಲು ಮೂರು ತಿಂಗಳು ಹಿಡಿಯಿತು. ಆಸ್ಪತ್ರೆ ಮೊದಲಿನಂತಾದ ಮೇಲೆ ಹೋಗಿ ಹೆದರುತ್ತ ಹೇಳಿದಾಗ ಡಾಕ್ಟರಮ್ಮ, "ಬಂತು, ಹೋಯಿತು. ಇನ್ನೊಂದು ಸಲವೂ ಬರುತ್ತೆ. ಕಳಿಸೋದು ಈಗ ನಿನಗೆ ಗೊತ್ತಾಯ್ತಲ್ಲ" ಎಂದರು.

ಶ್ರಾವಣದಲ್ಲಿ ಒಂದು ಬೆಳಿಗ್ಗೆ ನನಗೆ ಮುಟ್ಟಾಯಿತು, ಯಾವ ಮಾತ್ರೆಯೂ ಇಲ್ಲದೆ, ತಾನಾಗಿ. ಅಡುಗೆಮನೆಗೆ ಹೋಗಿ ಅವ್ವನ ಕಿವಿಯಲ್ಲಿ ಹೇಳಿದೆ. ಅವಳು ಜರಡಿ ಹಿಡಿದೇ ನಿಂತಳು. ಆಮೇಲೆ, "ಹೋಳಿಗಿ ಮಾಡ್ತೀನಿ ಇವತ್ತು" ಎಂದವಳು ನಾಲಿಗೆ ಕಚ್ಚಿಕೊಂಡಳು. ಇಬ್ಬರೂ ನಕ್ಕೆವು. ಹೋಳಿಗೆ ಮಾಡಿಯೇ ಮಾಡಿದಳು. ನಾನು ಒಂದು ತಿಂದೆ, ನಿಧಾನವಾಗಿ, ಪೂರ್ತಿ ರುಚಿ ಸಿಗುವಂತೆ.

ಹತ್ತಿ ಬಿಡಿಸುವ ದಿನಗಳು ಬಂದಾಗ ನಮ್ಮ ನಡಿಗೆ ಊರು ದಾಟಿ ಹೊಲಗಳ ತನಕ ಬೆಳೆದಿತ್ತು. ಒಂದು ಸಂಜೆ ಅಜ್ಜಿ ಬೂಟಿನ ಮಣ್ಣು ಜಾಡಿಸುತ್ತ, "ಒಂದಿನ ಹರಿವಾಣಕ್ಕ ನಡಕೊಂತ ಹೋಗಾಮು" ಎಂದಳು. ಅಪ್ಪ ಕೈಯಲ್ಲಿದ್ದ ಲೋಟ ಕೆಳಗಿಟ್ಟ. ಊರು ಬಿಟ್ಟು ಬಂದ ಮೇಲೆ ಅಜ್ಜಿ ಒಂದು ಸಲವೂ ಅಲ್ಲಿಗೆ ಹೋಗಿರಲಿಲ್ಲ. ಮದುವೆಗೂ ಇಲ್ಲ, ಸಾವಿಗೂ ಇಲ್ಲ. "ಅಷ್ಟು ದೂರ ಆಗತೈತೇನಬೇ?" ಎಂದು ಮಾತ್ರ ಕೇಳಿದ. "ಆಕಿ ಅದಾಳಲ್ಲ ಜತಿಗೆ" ಎಂದಳು ನನ್ನ ಕಡೆ ಕೈ ಮಾಡಿ.

ನಸುಕಿನಲ್ಲಿ ಹೊರಟೆವು. ಚೀಲದಲ್ಲಿ ನಾಲ್ಕು ರೊಟ್ಟಿ, ಹಿಂಡಿ ಎನ್ನುವ ಶೇಂಗಾ ಚಟ್ನಿಪುಡಿ, ಎರಡು ಬಾಟಲಿ ನೀರು. ಹತ್ತಿ ತುಂಬಿದ ಟ್ರಾಕ್ಟರುಗಳು ಎದುರಿಗೆ ಬರುತ್ತಿದ್ದವು. ರಸ್ತೆಯ ಬದಿಯ ಜಾಲಿಗಳಿಗೆಲ್ಲ ಬಿಳಿ ಎಳೆ ಸಿಕ್ಕಿತ್ತು. ಷೇರ್ ಆಟೋದವನೊಬ್ಬ ನಿಧಾನ ಮಾಡಿ, "ಎಕ್ಕಡಿಕಿ ಪೆದ್ದಮ್ಮಾ? ರಾ, ಎಕ್ಕು" ಎಂದು ಹತ್ತಲು ಕರೆದ. ಅಜ್ಜಿ ನಿಲ್ಲದೆ, "ನುವ್ವು ಪೋ ನಾಯನಾ, ಮೇಮು ನಡಿಚೇ ಪೋತಾಮು" ಎಂದಳು. ನೀನು ಹೋಗಪ್ಪ, ನಾವು ನಡೆದೇ ಹೋಗುತ್ತೇವೆ. ಅರ್ಧ ದಾರಿಯಲ್ಲಿ ಅವಳ ಹೆಜ್ಜೆ ಸಣ್ಣದಾಯಿತು. ಅವತ್ತು ಮೊದಲ ಸಲ ಮುಂದೆ ನಡೆಯುತ್ತಿದ್ದವಳು ನಾನು. ನಿಂತು ಕಾದೆ. ಚೀಲ ನಾನು ತೆಗೆದುಕೊಂಡೆ. ಮತ್ತೆ ಜತೆಯಾಗಿ ನಡೆದೆವು. ಪೆದ್ದಹರಿವಾಣ ಮುಟ್ಟಿದಾಗ ಬಿಸಿಲು ಚುರುಗುಟ್ಟುತ್ತಿತ್ತು.

ಅಜ್ಜಿ ನೆಂಟರ ಮನೆಯ ಕಡೆ ತಿರುಗಲಿಲ್ಲ. ಊರಾಚೆಯ ಹೊಲದ ಬದುವಿಗೆ ಹೋದಳು. ಅಲ್ಲೊಂದು ಬೇವಿನ ಗಿಡ, ಅದರ ಬುಡದಲ್ಲಿ ಮೂರು ಕಲ್ಲು. ಕೇಳಬೇಕಾಗಿರಲಿಲ್ಲ. ಅವಳು ಬೂಟು ಬಿಚ್ಚಿ ಪಕ್ಕಕ್ಕಿಟ್ಟು, ಕೂತು, ಕಲ್ಲುಗಳ ಸುತ್ತಲಿನ ಒಣ ಎಲೆ ಕೈಯಿಂದ ಬಳಿದಳು. ಬಹಳ ಹೊತ್ತು ಬಳಿದಳು.

"ನಿನ ತಂಗಿ ಬಂದಾಳವ್ವಾ" ಎಂದಳು ನೆಲಕ್ಕೆ. "ನಡಕೊಂತ ಬಂದಾಳ ನೋಡು."

ನಾನು ಪಕ್ಕದಲ್ಲಿ ಕೂತೆ. ನೋಡದ ಅಕ್ಕನಿಗೆ ಏನು ಹೇಳಬೇಕೋ ತಿಳಿಯಲಿಲ್ಲ. ಅಜ್ಜಿ ಚೀಲದಿಂದ ರೊಟ್ಟಿ ತೆಗೆದು, ಚೂರು ಮುರಿದು ಕಲ್ಲಿನ ಮುಂದಿಟ್ಟಳು. ಉಳಿದದ್ದನ್ನು ನಾವಿಬ್ಬರೂ ಅಲ್ಲೇ ಹಿಂಡಿ ಹಚ್ಚಿಕೊಂಡು ತಿಂದೆವು. ಅಜ್ಜಿ ಎರಡು ರೊಟ್ಟಿ ತಿಂದಳು. ಅವಳು ಅಷ್ಟು ಹಸಿದು ತಿಂದದ್ದನ್ನು ನಾನು ಅಲ್ಲಿಯ ತನಕ ನೋಡಿರಲಿಲ್ಲ. ಆಮೇಲೆ ನೆಂಟರ ಮನೆಗೆ ಹೋದೆವು. ಅವರು ಅಜ್ಜಿಯನ್ನು ತಬ್ಬಿಕೊಂಡು ಅತ್ತರು, ಬೂಟು ನೋಡಿ ನಕ್ಕರು. ಸಂಜೆ ಬಸ್ಸಿನಲ್ಲಿ ವಾಪಸಾದೆವು. ಅಜ್ಜಿ ದಾರಿಯುದ್ದಕ್ಕೂ ನನ್ನ ಹೆಗಲಿಗೆ ಒರಗಿ ನಿದ್ದೆ ಮಾಡಿದಳು.

ಈಗ ನಾನು ಚಿಪ್ಪಗಿರಿ ಕಡೆಯ ಒಂದು ಹಳ್ಳಿಯಲ್ಲಿ ಶಾಲಾ ಟೀಚರು. ಬಸ್ಸಿಳಿದು, ಷೇರ್ ಆಟೋ ಸಿಗದ ದಿನ ನಡೆದೇ ಹೋಗುತ್ತೇನೆ. ತೂಕ ಅರವತ್ತೇಳರ ಸುತ್ತಮುತ್ತ ನಿಂತಿದೆ. ತೆಳ್ಳಗಿನವರ ಪಟ್ಟಿಯಲ್ಲಿ ನಾನು ಇವತ್ತಿಗೂ ಇಲ್ಲ. ಕತ್ತಿನ ಕಪ್ಪು ಬಹುಪಾಲು ತಿಳಿಯಾಗಿದೆ, ಪೂರ್ತಿ ಹೋಗಿಲ್ಲ. ಜಡೆಯನ್ನು ಎತ್ತಿ ಕಟ್ಟುತ್ತೇನೆ. ವರ್ಷಕ್ಕೊಮ್ಮೆ ರಕ್ತ ಪರೀಕ್ಷೆ ಮಾಡಿಸುತ್ತೇನೆ. ಈವರೆಗೆ ಎಲ್ಲ ಸರಿಯಾಗಿದೆ. ಸಿಟ್ಟು ಬಂದಾಗ, ಬೇಜಾರಾದಾಗ ಕೈ ಇನ್ನೂ ಡಬ್ಬಿಯ ಕಡೆ ಹೋಗುತ್ತದೆ. ಕೆಲವು ಸಲ ತಡೆಯುತ್ತೇನೆ, ಕೆಲವು ಸಲ ಆಗುವುದಿಲ್ಲ. ಆಗದ ದಿನ ಮೊದಲಿನಂತೆ ನನ್ನನ್ನು ನಾನು ಬೈದುಕೊಳ್ಳುವುದಿಲ್ಲ.

ಅಜ್ಜಿಗೆ ಮೊಣಕಾಲು ಹಿಡಿದಿದೆ. ಓಣಿಯ ಕೊನೆಯ ತನಕ ಹೋಗಿ ಕಟ್ಟೆಯ ಮೇಲೆ ಕೂತು ಬರುತ್ತಾಳೆ. ಹೋದ ವರ್ಷ ಅವ್ವನಿಗೆ ಬಿ.ಪಿ. ಎಂದು ಗೊತ್ತಾಯಿತು. ಇಪ್ಪತ್ತಕ್ಕೂ ಹೆಚ್ಚು ವರ್ಷ ಒಲೆಯ ಮುಂದಿನಿಂದ ಬಂಡಿಗೆ, ಬಂಡಿಯಿಂದ ಒಲೆಗೆ ಓಡಾಡಿದವಳು, ತನಗಾಗಿ ಎಂದು ಒಂದು ಹೆಜ್ಜೆ ಇಟ್ಟವಳಲ್ಲ. "ನನಗ್ಯಾಕ ಈ ವಯಸ್ಸಿನಾಗ" ಎಂದು ಒಂದು ತಿಂಗಳು ತಪ್ಪಿಸಿಕೊಂಡಳು. ಕೊನೆಗೆ ಅಜ್ಜಿಯೇ ಗದರಿಸಿ ನನ್ನ ಜತೆ ಕಳಿಸಿದಳು. ಮೊದಲ ದಿನಗಳಲ್ಲಿ ಅವ್ವ ಸೆರಗು ತಲೆಗೆ ಎಳೆದುಕೊಂಡು, ಗೋಡೆಯ ಪಕ್ಕಕ್ಕೇ ನಡೆಯುತ್ತಿದ್ದಳು. ಈಗ ಸೆರಗು ಹೆಗಲ ಮೇಲೆ ಇರುತ್ತದೆ. ನಡೆಯುತ್ತ ಮಾತಾಡುತ್ತಾಳೆ: ತನ್ನ ತವರಿನ ಬಾವಿಯ ಬಗ್ಗೆ, ಕಲಿಯಬೇಕೆಂದಿದ್ದ ಹೊಲಿಗೆಯ ಬಗ್ಗೆ, ಒಮ್ಮೊಮ್ಮೆ ಅಕ್ಕನ ಬಗ್ಗೆಯೂ. ಅಕ್ಕನಿಗೆ ಮಳೆಯಲ್ಲಿ ನೆನೆಯುವುದೆಂದರೆ ಬಹಳ ಇಷ್ಟವಂತೆ.

ಇವತ್ತು ಬೆಳಿಗ್ಗೆ ನಾವು ಮಾಮೂಲಿ ತಿರುಗುವ ಜಾಗಕ್ಕೆ ಬಂದಾಗ ನಾನು ತಿರುಗಿದೆ. ಅವ್ವ ತಿರುಗಲಿಲ್ಲ. ರಸ್ತೆ ಹೋಗುವ ಕಡೆ ನೋಡುತ್ತ ನಿಂತಿದ್ದಳು.

"ಸುಸ್ತಾತೇನಬೇ?" ಎಂದೆ.

"ಇಲ್ಲ" ಎಂದಳು. "ಹೊತ್ತು ಇನ್ನೂ ಏರಿಲ್ಲ. ಇನ್ನೊಂದಿಷ್ಟು ಮುಂದಕ್ಕ ಹೋಗಾಮೇನು?"